ಜಪಾನ್ ಸಾಣೆಕಲ್ಲು ತಗೊಳ್ಳೋರು ಮೊಹರು ನೋಡಿ ಮರುಳಾಗ್ಬೇಡಿ

ಚಿಕ್ಕಮಗಳೂರಲ್ಲಿ ಮಡಚೋ ಕ್ಷೌರದ ಕತ್ತೀಲಿ ಗಡ್ಡ ಮಾಡ್ಕೊಳ್ಳೋರು ಎಷ್ಟು ಜನ ಇದಾರೋ ಏನೋ, ಆದ್ರೂ ಯಾವ ಕಲ್ಲು ತಗೊಳ್ಳೋದು ಅಂತ ಕೇಳೋರಿಗೆ ಕಮ್ಮಿ ಇಲ್ಲ.

ನಾನು ಹೇಳ್ತಿರೋ ಜಪಾನಿನ ನೈಸರ್ಗಿಕ ಸಾಣೆಕಲ್ಲು ಕ್ಯೋಟೋ ಸುತ್ತಮುತ್ತಲ ಬೆಟ್ಟದ್ದು. ನಕಯಾಮ, ಓಝುಕು, ಶೋಬುದಾನಿ ಇವೆಲ್ಲ ಗಣಿ ಹೆಸರು. ಹೆಚ್ಚಿನ ಗಣಿ ಮುಚ್ಚಿದಾವೆ, ಹಳೇ ಮಾಲೇ ಕೈಯಿಂದ ಕೈಗೆ ಓಡಾಡ್ತಿದೆ, ಅದಕ್ಕೇ ರೇಟೂ ಜಾಸ್ತಿ. ಸಮುದ್ರದ ತಳದಲ್ಲಿ ನುಣ್ಣನೆ ಮಣ್ಣೂ ಸೂಕ್ಷ್ಮಜೀವಿಗಳ ಚಿಪ್ಪೂ ಪದರಪದರವಾಗಿ ಕೂತು ಕಲ್ಲಾಗಿದ್ದು, ಅದರಲ್ಲಿರೋ ಸಿಲಿಕಾನೇ ಉಕ್ಕನ್ನ ಸವೆಸೋದು. ಬೇಲೂರಿನ ಬಳಪದ ಕಲ್ಲು ಆಗಲ್ವಾ ಅಂದ್ರು ಒಬ್ರು. ಮೆತ್ತನೆ ಕಲ್ಲು ಸ್ವಾಮಿ, ಶಿಲಾಬಾಲಿಕೆಗೆ ಸರಿ, ಕತ್ತಿಗಲ್ಲ.

ಕಲ್ಲಿನ ಮೇಲಿರೋ ಗಣಿ ಹೆಸರಿನ ಮೊಹರನ್ನ ಯಾರು ಬೇಕಾದ್ರೂ ಒತ್ತಬಹುದು, ಅದನ್ನ ನಂಬಿ ದುಡ್ಡು ಸುರೀಬೇಡಿ. ನೈಸರ್ಗಿಕ ಕಲ್ಲಿಗೆ ಗ್ರಿಟ್ ನಂಬರೂ (ಕಲ್ಲು ಎಷ್ಟು ನುಣುಪು ಅನ್ನೋ ಲೆಕ್ಕ) ಇರಲ್ಲ, 30000 ಅಂತ ಬರೆದಿದ್ರೆ ಅದು ಮಾರೋನ ಅಂದಾಜು ಅಷ್ಟೇ. ಒದ್ದೆ ಮಾಡಿ ತೆಗೆದ ಫೋಟೋ ಕೇಳಿ, ಗೆರೆ ಇದ್ರೆ ಅಡ್ಡಕ್ಕೆ ಉಗುರು ಎಳೆದು ತಡೆಯುತ್ತಾ ಅಂತ ಕೇಳಿ, ತಡೆದ್ರೆ ಅದು ಕತ್ತಿ ಬಾಯಿ ಹಾಳ್ಮಾಡುತ್ತೆ. ಕ್ಷೌರದ ಕತ್ತಿಗೆ ಗಟ್ಟಿ ಕಲ್ಲೇ ಬೇಕು, ಮೆತ್ತಗಿರೋದು ಅಡುಗೆಮನೆ ಚಾಕುಗೆ. ಅಂಕುಡೊಂಕು ಚೂರುಗಳಿಗೆ ಅಲ್ಲಿ ಕೊಪ್ಪ ಅಂತಾರೆ, ನಮ್ಮ ಕೊಪ್ಪ ತಾಲ್ಲೂಕಿಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ, ಆದ್ರೆ ಅಗ್ಗಕ್ಕೆ ಸಿಗೋದು ಅದೇ, ಗಡ್ಡದ ಕತ್ತಿಗೆ ಅಷ್ಟು ಸಾಕು.

ನನ್ನ ಮೊದಲ ಕಲ್ಲನ್ನ ಮಾಮೂಲಿ ಕಲ್ಲಿನ ಥರ ಬಕೆಟ್ಟಲ್ಲಿ ನೆನೆಹಾಕಿದ್ದೆ, ಒಂದು ಮಳೆಗಾಲ ಕಳೆಯೋದ್ರಲ್ಲಿ ಕೆಳಗಿನ ಪದರ ಪರೋಟ ಬಿಟ್ಕೊಂಡ ಹಾಗೆ ಬಿಟ್ಕೊಳ್ತು. ಈಗ ಪಕ್ಕಕ್ಕೂ ಅಡಿಗೂ ಮೂರು ಕೋಟ್ ವಾರ್ನಿಷ್ ಹೊಡೀತೀನಿ, ಮಸೆಯೋ ಮೇಲ್ಮೈಗೆ ಮಾತ್ರ ಇಲ್ಲ. ನೀರು ಚಿಮುಕಿಸಿದ್ರೆ ಸಾಕು, ನೆನೆಸೋದು ಬೇಡ.

ಇನ್ನು ಮಸೆಯೋದು. ಮೊಂಡು ಕತ್ತಿಯನ್ನ ಸೀದಾ ಇದರ ಮೇಲೆ ಇಟ್ರೆ ಸಂಜೆವರೆಗೂ ಉಜ್ತಾನೇ ಇರ್ಬೇಕು. 1000 ಗ್ರಿಟ್ಟಿನ ಸಿಂಥೆಟಿಕ್ ಕಲ್ಲಲ್ಲಿ ಮೊದಲು ಕತ್ತಿ ಬಾಯಿ ಹರಿತ ಮಾಡಿ, ಮಧ್ಯದವನ್ನೂ ದಾಟಿ 8000ದವರೆಗೆ ತಂದು ಆಮೇಲೆ ಇದಕ್ಕೆ ಬನ್ನಿ. ವಜ್ರದ ಪುಡಿ ಅಂಟಿಸಿರೋ ಡೈಮಂಡ್ ಪ್ಲೇಟಲ್ಲಿ ಈ ಕಲ್ಲನ್ನ ಸಮತಟ್ಟು ಮಾಡ್ಕೊಳ್ಳಿ. ನಗುರ ಅನ್ನೋ ಪುಟ್ಟ ಕಲ್ಲು ಸಿಗುತ್ತೆ, ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಅದರಿಂದ ದೇವರಿಗೆ ಗಂಧ ತೇಯೋ ಹಾಗೆ ತೇಯಿರಿ, ಹಾಲಿನಂಥ ಗಸಿ ಬರುತ್ತೆ. ಕತ್ತಿಯ ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗಿರ್ಲಿ, ಬಾಯಿ ಮುಂದಾಗಿ ತಳ್ಳಿ, ಕೊನೇಲಿ ಬೆನ್ನಿನ ಮೇಲೇ ಮಗುಚಿ ವಾಪಸ್ ಎಳ್ಕೊಳ್ಳಿ, ಒತ್ತೋದು ಬೇಡವೇ ಬೇಡ. ಉಕ್ಕು ಸವೆದು ಗಸಿ ಕಪ್ಪಾಗ್ತಾ ಬಂದಂಗೆ ಒಂದೊಂದೇ ಹನಿ ನೀರು ಬಿಡ್ತಾ ತೆಳ್ಳಗೆ ಮಾಡಿ, ಕೊನೆಗೆ ಬರೀ ತಿಳಿನೀರು. ಆಗ ಕತ್ತಿ ಕಲ್ಲಿಗೆ ಅಂಟಿ ಎಳೆದಂಗೆ ಆಗುತ್ತೆ ನೋಡಿ, ನಾನು ನಿಲ್ಸೋದು ಅಲ್ಲೇ. ಚರ್ಮದ ಪಟ್ಟಿ ಮೇಲೆ ಬೆನ್ನು ಮುಂದಾಗಿ ಐವತ್ತು ಸಲ ಎಳೆದು ಮುಖಕ್ಕೆ ಇಡಿ.

ನಮ್ಮ ಮಳೆಗೆ ಕತ್ತಿ ರಾತ್ರಿ ಕಳೆಯೋದ್ರಲ್ಲಿ ತುಕ್ಕು ಹಿಡಿಯುತ್ತೆ, ಒರೆಸಿ ಎಣ್ಣೆ ಸವರಿ. ಕಲ್ಲನ್ನ ನೆರಳಲ್ಲಿ ಒಣಗಿಸಿ, ಬಚ್ಚಲೊಲೆ ಪಕ್ಕ ಇಡ್ಬೇಡಿ, ಬಿರುಕು ಬಿಡುತ್ತೆ.