ಕೊಟ್ಟಿಗೆಯಿಂದ ಒಲೆಗೆ: ಗೋಬರ್ ಗ್ಯಾಸ್ ಜೊತೆಗಿನ ನನ್ನ ಅನುಭವ

ಮಂಗಳೂರು ಬಂದರಿನಲ್ಲಿ ಇಳಿಯುವ ಅಡುಗೆ ಅನಿಲ ಘಟ್ಟ ಹತ್ತಿ ಮಲೆನಾಡಿನ ನಮ್ಮ ಮನೆಯ ಒಲೆಯನ್ನು ತಲುಪುತ್ತದೆ ಎಂಬುದನ್ನು ನಾನು ಬಹಳ ಕಾಲ ಯೋಚಿಸಿಯೇ ಇರಲಿಲ್ಲ. ದೇಶದಲ್ಲಿ ಬಳಕೆಯಾಗುವ ಎಲ್‌ಪಿಜಿಯ ಸುಮಾರು ಶೇ. 60ರಷ್ಟು ಆಮದು, ಅದರಲ್ಲೂ ಬಹುಪಾಲು ಹಲವು ವರ್ಷಗಳಿಂದ ಕೊಲ್ಲಿ ದೇಶಗಳಲ್ಲಿ ಹಡಗೇರಿ ಹರ್ಮುಜ್ ಜಲಸಂಧಿಯ ಮೂಲಕ ಬಂದದ್ದು. 2016ರ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಅಡುಗೆಮನೆಗಳಿಗೆ ಅನಿಲ ಸಂಪರ್ಕ ಸಿಕ್ಕಿತು, ಆಗಲೇಬೇಕಿದ್ದ ಕೆಲಸವದು. ಆದರೆ ಬಳಕೆ ಏರಿದಂತೆ ಇಲ್ಲಿನ ಉತ್ಪಾದನೆ ಏರಲಿಲ್ಲ. ಪಾದೂರು ಮತ್ತು ಮಂಗಳೂರಿನ ಬಂಡೆಗಳೊಳಗೆ ಒಟ್ಟು 40 ಲಕ್ಷ ಟನ್ ತುಂಬಬಲ್ಲ ಸಂಗ್ರಹಾಗಾರಗಳಿದ್ದರೂ ಅವು ಕಚ್ಚಾ ತೈಲಕ್ಕೆ ಮೀಸಲು.

ಏಳು ಜನರ ನಮ್ಮ ಮನೆಗೆ ವರ್ಷಕ್ಕೆ 14.2 ಕಿಲೋದ ಹತ್ತು ಸಿಲಿಂಡರ್ ಬೇಕಾಗುತ್ತಿದ್ದವು. ಕೊಟ್ಟಿಗೆಯಲ್ಲಿ ಐದು ಹಸುಗಳಿದ್ದುದರಿಂದ ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡಬಲ್ಲ, ನೆಲದಡಿ ಗುಮ್ಮಟವಿರುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದೆ. ಅಮ್ಮನಿಗೆ ತೋಟದ ಗೊಬ್ಬರದ್ದೇ ಚಿಂತೆ. ಸೊಪ್ಪು ಹಾಸಿ ಹಸುಗಳ ಕಾಲಡಿ ತುಳಿಸಿದ ಗೊಬ್ಬರದಿಂದಲೇ ಅಡಿಕೆ ಮರಗಳನ್ನು ಸಾಕಿದವರು ಅವರು. ಸೊಪ್ಪು ಬೆರೆತ ಸಗಣಿಯಾದರೋ ಸ್ಥಾವರಕ್ಕೆ ಆಗದು, ಕೆನೆಗಟ್ಟಿ ಮೇಲೆ ನಿಲ್ಲುತ್ತದೆ. ಕೊನೆಗೆ ಕೊಟ್ಟಿಗೆಯ ಅರ್ಧಕ್ಕೆ ಕಲ್ಲು ಹಾಸಿದೆವು, ಸೊಪ್ಪನ್ನು ನೇರವಾಗಿ ಗೊಬ್ಬರಗುಂಡಿಗೆ ಹಾಕಿ ಅದರ ಮೇಲೆ ಸ್ಥಾವರದಿಂದ ಹೊರಬರುವ ಬಗ್ಗಡವನ್ನು ಬಿಡತೊಡಗಿದೆವು. ಎರಡನೆಯ ವರ್ಷ ಆ ಗುಂಡಿಯ ಗೊಬ್ಬರವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅಮ್ಮ ಆ ಮಾತು ಎತ್ತಲಿಲ್ಲ.

ಮೊದಲ ತುಂಬುವಿಕೆಗೆ ಸುಮಾರು ಎರಡು ಟನ್ ಸಗಣಿ ಬೇಕಾಯಿತು. ನೆರೆಮನೆಗಳಿಂದಲೂ ಹೊತ್ತು ತಂದು ಅಷ್ಟೇ ನೀರಿನಲ್ಲಿ ಕಲಸಿ ಸುರಿದೆವು. ಆರಂಭದ ಅನಿಲದಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚಾಗಿ ಉರಿ ಹತ್ತಲಿಲ್ಲ, ಅದನ್ನು ಹೊರಬಿಟ್ಟು ಕಾದೆವು. ಮೂರನೆಯ ವಾರದಲ್ಲಿ ನೀಲಿ ಜ್ವಾಲೆ ಬಂದಿತು. ಆಮೇಲೆ ತಿಂಗಳುಗಟ್ಟಲೆ ಅದು ಇದ್ದಕ್ಕಿದ್ದಂತೆ ನಡುಗಿ ಆರಿಹೋಗುತ್ತಿತ್ತು. ಗುಮ್ಮಟ ಬಿರುಕು ಬಿಟ್ಟಿದೆಯೆಂದು ಹೆದರಿ ಕೊಳವೆಯ ಕೀಲುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರೂ ಗುಳ್ಳೆ ಏಳಲಿಲ್ಲ. ಗಾರೆಯವರು ಕೊಳವೆಯನ್ನು ನಡುವೆ ಜೋತುಬೀಳುವಂತೆ ಎಳೆದಿದ್ದರಿಂದ ಅನಿಲದ ತೇವ ತಣಿದು ಅಲ್ಲಿ ನೀರು ನಿಲ್ಲುತ್ತಿತ್ತು. ಒಂದೇ ಇಳಿಜಾರಿಗೆ ಕೊಳವೆಯನ್ನು ಮತ್ತೆ ಹಾಕಿಸಿ, ತಗ್ಗಿನ ತುದಿಯಲ್ಲಿ ನೀರು ತೆಗೆಯುವ ನಲ್ಲಿ ಕೂರಿಸಿದ ಮೇಲೆ ಆ ತೊಂದರೆ ತಪ್ಪಿತು. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರು ಒಳಗೆ ಹೋಗಬಾರದೆಂಬುದನ್ನು ಅನಿಲವೇ ಕುಗ್ಗಿಹೋದ ಒಂದು ವಾರ ಕಲಿಸಿತು. ಅನಿಲ ಕೊಡುವ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ.

ಮಳೆಗಾಲ ಮಾತ್ರ ಇಂದಿಗೂ ಕಷ್ಟವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ತಣ್ಣಗಾಗಿ ಅನಿಲದ ಉತ್ಪತ್ತಿ ತಗ್ಗುತ್ತದೆ. ಬಚ್ಚಲೊಲೆಯ ಬಿಸಿನೀರಿನಲ್ಲಿ ಸಗಣಿ ಕಲಸಿದರೆ ತುಸು ಅನುಕೂಲ, ಅಷ್ಟೇ. ಆ ನಾಲ್ಕು ತಿಂಗಳಿಗೆಂದು ವರ್ಷಕ್ಕೆ ಮೂರು ಸಿಲಿಂಡರ್ ತರಿಸುತ್ತೇವೆ, ಉಳಿದ ಏಳು, ಅಂದರೆ ಸುಮಾರು ನೂರು ಕಿಲೋ ಆಮದಿನ ಅನಿಲ, ನಮ್ಮ ಮನೆಗೆ ಈಗ ಬೇಕಿಲ್ಲ. ಐದು ಹಸುಗಳಿದ್ದೂ ಸ್ಥಾವರ ಮೂಲೆಗೆ ಬಿದ್ದಿರುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ವಿಚಾರಿಸಿದರೆ ಹೆಚ್ಚಿನ ಕಡೆ ಸಿಗುವ ಕಾರಣ ಆ ಜೋತುಬಿದ್ದ ಕೊಳವೆಯಂಥದ್ದೇ, ಒಂದು ದಿನದ ಕೆಲಸದಲ್ಲಿ ಸರಿಹೋಗುವಂಥದ್ದು. ಈ ಬೇಸಿಗೆಯಲ್ಲಿ ಅಂಥ ಎರಡು ಮನೆಗಳ ಕೊಳವೆಗಳನ್ನು ನಾನೇ ನಿಂತು ಸರಿ ಮಾಡಿಸಿದ್ದೇನೆ.