ಓಡುವ ಮೇಕೆ, ಬದಲಾಗುವ ಊರು: ಹೆರಿಮನ್ ವಿಧಾನದಲ್ಲಿ ನಾನು ಕಾರ್ಟೂನ್ ಮಾಡಿದ್ದು

ಓಡುವ ಪಾತ್ರ ಅದೇ. ಆದರೆ ಶಾಟ್ ಬದಲಾದಾಗಲೆಲ್ಲ ಅದರ ಹಿಂದಿನ ಊರೇ ಬೇರೆ. ಗುಡ್ಡ ಇದ್ದ ಕಡೆ ಮರ, ಮರ ಇದ್ದ ಕಡೆ ಬಾಗಿಲು, ಹಗಲಿದ್ದ ಕಡೆ ರಾತ್ರಿ. ಹೀಗೆ ನಾಲ್ಕು ನಿಮಿಷದ ಕಾರ್ಟೂನ್ ಮಾಡಬಹುದು, ನೋಡುವವರಿಗೆ ಗೊಂದಲ ಆಗುವುದಿಲ್ಲ ಅಂತ ನಾನು ಹೇಳಿದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಕಂಟಿನ್ಯುಟಿ ಪೂರ್ತಿ ಹೋಗತ್ತೆ ಮಾರಾಯ, ಎಡಿಟಿಂಗ್ ತಪ್ಪು ಅಂತಾರೆ" ಅಂದರು ನಾನು ಮೊದಲು ಕೆಲಸಕ್ಕಿದ್ದ ಕಡೆಯ ಹಿರಿಯರೊಬ್ಬರು. ಕಂಟಿನ್ಯುಟಿ ಅಂದರೆ ಒಂದು ಶಾಟ್‌ನಲ್ಲಿದ್ದದ್ದು ಮುಂದಿನ ಶಾಟ್‌ಗೆ ಹೊಂದಿಕೊಂಡು ಹೋಗುವುದು. ಈಗ ಚಿತ್ರ ಮುಗಿದಿದೆ. ನಾಲ್ಕು ಕಡೆ ತೋರಿಸಿಯಾಗಿದೆ. ಅದನ್ನು ನೋಡಿಯೇ ಇನ್ನೊಂದು ಕೆಲಸವೂ ಬಂದಿದೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದರಿಂದ ಬರೆಯುತ್ತಿದ್ದೇನೆ.

ವಿಧಾನ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಜಾರ್ಜ್ ಹೆರಿಮನ್ ಅವರ 'ಕ್ರೇಜಿ ಕ್ಯಾಟ್' ಪತ್ರಿಕಾ ಚಿತ್ರಕಥೆಯದು. 1910ರಲ್ಲಿ ಅವರ ಇನ್ನೊಂದು ಚಿತ್ರಕಥೆಯ ಕೆಳಗೆ ಸಣ್ಣ ಬೆಕ್ಕು, ಸಣ್ಣ ಇಲಿಯಾಗಿ ಶುರುವಾಗಿ, 1913ರಲ್ಲಿ ಸ್ವಂತ ಜಾಗ ಪಡೆದು, 1944ರಲ್ಲಿ ಹೆರಿಮನ್ ತೀರಿಕೊಳ್ಳುವವರೆಗೆ ಪತ್ರಿಕೋದ್ಯಮಿ ಹರ್ಸ್ಟ್ ಅವರ ಪತ್ರಿಕೆಗಳಲ್ಲಿ ಬಂತು. ಕಥೆ ಗೊತ್ತಿರುವವರಿಗೆ ಗೊತ್ತು. ಇಗ್ನಾಟ್ಸ್ ಇಲಿ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆಯುತ್ತದೆ, ಬೆಕ್ಕು ಅದನ್ನು ಪ್ರೀತಿ ಅಂದುಕೊಳ್ಳುತ್ತದೆ, ಬೆಕ್ಕನ್ನು ಪ್ರೀತಿಸುವ ಪೊಲೀಸ್ ನಾಯಿ ಇಲಿಯನ್ನು ಜೈಲಿಗೆ ಹಾಕುತ್ತದೆ. ಮೂವತ್ತು ವರ್ಷ ಇದೇ ಆಟ. ಬದಲಾಗುತ್ತಿದ್ದದ್ದು ಹಿಂದಿನ ನೆಲ. ಅರಿಜೋನ ಮತ್ತು ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿ ಹೆರಿಮನ್‌ಗೆ ಪ್ರಾಣ. ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಅಲ್ಲಿಯ ಒಂಟಿ ಬಂಡೆಗಳನ್ನು ಚಿತ್ರಕಥೆಯ ಒಂದು ಚೌಕದಲ್ಲಿ ಬರೆದು, ಮುಂದಿನ ಚೌಕದಲ್ಲಿ ಅದೇ ಜಾಗಕ್ಕೆ ಕುಂಡದಲ್ಲಿ ನೆಟ್ಟ ಮರ ತರುತ್ತಿದ್ದರು. ಮಾತು ನಿಲ್ಲುವುದಿಲ್ಲ, ಪಾತ್ರಗಳು ಅಲುಗುವುದೂ ಇಲ್ಲ.

ಇದನ್ನು ಚಲಿಸುವ ಚಿತ್ರಕ್ಕೆ ತರಲು ಮೊದಲು ಯತ್ನಿಸಿದವರು ಬೆಕ್ಕನ್ನು ಮಾತ್ರ ತೆಗೆದುಕೊಂಡರು. 1916ರಲ್ಲೇ ಹರ್ಸ್ಟ್ ಅವರ ಚಿತ್ರಸಂಸ್ಥೆ ಕ್ರೇಜಿ ಕಾರ್ಟೂನ್ ತಂದಿತ್ತು. 1929ರಿಂದ ಚಾರ್ಲ್ಸ್ ಮಿಂಟ್ಸ್ ಸ್ಟುಡಿಯೋ ಕೊಲಂಬಿಯಾ ಚಿತ್ರಸಂಸ್ಥೆಗೆ ಮಾಡಿದ ಮಾತಿನ ಕಾರ್ಟೂನ್‌ಗಳಲ್ಲಂತೂ ಬೆಕ್ಕು ಮಿಕ್ಕಿ ಮೌಸ್ ಥರ ಆಗಿಹೋಯಿತು. ಹಾಡು, ಕುಣಿತ, ಒಬ್ಬಳು ಗೆಳತಿ. ಆ ನೆಲವೇ ಇಲ್ಲ. 1936ರಲ್ಲಿ ಒಂದರಲ್ಲಿ ಮೂಲದ ಹತ್ತಿರ ಹೋಗಲು ನೋಡಿದರು, ಅದು ಅಲ್ಲಿಗೇ ನಿಂತಿತು. ನಿಜವಾದ ವಾರಸುದಾರರು ಬೇರೆ ಕಡೆ ಹುಟ್ಟಿದರು. ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ 1949ರಲ್ಲಿ ತೋಳದಂಥ ಕಯೋಟಿ ಮತ್ತು ಅದರ ಕೈಗೆ ಸಿಗದೆ ಓಡುವ ಹಕ್ಕಿ ರೋಡ್ ರನ್ನರ್ ಜೋಡಿಯನ್ನು ತಂದದ್ದು ಅದೇ ನೈಋತ್ಯ ಅಮೆರಿಕದ ಮರುಭೂಮಿಗೆ. ಮೊದಲ ಚಿತ್ರದಲ್ಲಿ ಬಂಡೆಗಳು ಇನ್ನೂ ಬಂಡೆಗಳಂತೆಯೇ ಇವೆ. 50ರ ದಶಕದಲ್ಲಿ ಮಾರಿಸ್ ನೋಬಲ್ ಲೇಔಟ್ (ದೃಶ್ಯಗಳ ವಿನ್ಯಾಸ) ಮಾಡಲು ಶುರುಮಾಡಿ, ಫಿಲಿಪ್ ಡೆಗಾರ್ಡ್ ಬಣ್ಣ ಹಾಕತೊಡಗಿದ ಮೇಲೆ ನೋಡಿ. ಚಪ್ಪಟೆ ಆಕಾರ, ಹಳದಿ ಆಕಾಶ, ನೆಲಕ್ಕೆ ಅಂಟಿಯೂ ಅಂಟದ ಹಾಗಿರುವ ಬಂಡೆ. ಹೆರಿಮನ್ ಪುಟ ಪಕ್ಕದಲ್ಲಿಟ್ಟು ನೋಡಿದರೆ ನೆಂಟಸ್ತಿಕೆ ಎದ್ದು ಕಾಣುತ್ತದೆ.

ನನ್ನ ಚಿತ್ರಕ್ಕೆ ಬರುತ್ತೇನೆ. ಅಜ್ಜಿಯ ಚಪ್ಪಲಿ ಕಚ್ಚಿಕೊಂಡು ಮೇಕೆ ಓಡುತ್ತದೆ, ಅಜ್ಜಿ ಪೊರಕೆ ಹಿಡಿದು ಹಿಂದೆ ಓಡುತ್ತಾಳೆ. ಕಥೆ ಅಷ್ಟೇ. ಸುಮಾರು 60 ಶಾಟ್. ಮಾಮೂಲಿ ರೀತಿಯಲ್ಲಿ ಮಾಡಿದ್ದರೆ ಹಿನ್ನೆಲೆ ಒಂದಕ್ಕೆ ಎರಡು ಸಾವಿರದ ಹತ್ತಿರ, ಪ್ಯಾನ್‌ಗೆ, ಅಂದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುವ ಶಾಟ್‌ಗೆ ಬೇಕಾದ ಉದ್ದನೆಯದಕ್ಕೆ ಐದಾರು ಸಾವಿರ. ಒಟ್ಟು ಒಂದೂಕಾಲು ಲಕ್ಷ ಅಂತ ಲೆಕ್ಕ ಬಂದಿತ್ತು. ಸ್ವಂತ ದುಡ್ಡು, ಅಷ್ಟು ಆಗುತ್ತಿರಲಿಲ್ಲ. ನಾನು ನಲವತ್ತು ಚಿಲ್ಲರೆ ಬಿಡಿ ತುಂಡು ಮಾಡಿಸಿದೆ: ಬಂಡೆ, ಕಂಬ, ಬಾಗಿಲು, ಪಾಪಾಸುಕಳ್ಳಿ, ನೀರಿನ ಟ್ಯಾಂಕು, ಐದಾರು ಬಗೆಯ ಚಂದ್ರ. ತುಂಡಿಗೆ ಸುಮಾರು ನಾನೂರು ರೂಪಾಯಿ. ಆಕಾಶಗಳನ್ನು ನಾನೇ ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಬಳಿದೆ, ಜೋಡಣೆ ಅನಿಮೇಷನ್ ಸಾಫ್ಟ್‌ವೇರ್ ಓಪನ್‌ಟೂನ್ಸ್‌ನಲ್ಲಿ. ಹಾಳಾದದ್ದೂ ಸೇರಿ 35 ಸಾವಿರದ ಆಸುಪಾಸಿನಲ್ಲಿ ಹಿನ್ನೆಲೆ ಕೆಲಸ ಮುಗಿಯಿತು. ಈ ದರಕ್ಕೆ ಈ ಗುಣಮಟ್ಟ ನಮ್ಮ ಬಳಗದಲ್ಲಿ ಬೇರೆ ಯಾರೂ ಕೊಟ್ಟಿಲ್ಲ, ಧೈರ್ಯವಾಗಿ ಹೇಳುತ್ತೇನೆ.

ಹಾಳಾದದ್ದು ಎಲ್ಲಿ ಅಂದರೆ, ಮೊದಲು ಡಿಸಾಲ್ವ್‌ನಲ್ಲಿ. ಶಾಟ್ ನಡುವೆಯೇ ಬಂಡೆ ಕರಗಿ ಮರ ಆಗುವ ಹಾಗೆ ಮಾಡಿದ್ದೆ. ಒಂದೊಂದು ಚೆನ್ನಾಗಿಯೇ ಇತ್ತು. ಆದರೆ ಕಣ್ಣು ಬಂಡೆಯ ಮೇಲೇ ನಿಲ್ಲುತ್ತದೆ, ಮೇಕೆ ಯಾರಿಗೂ ಬೇಡ. ಹದಿನೈದು ಸಾವಿರದಷ್ಟು ಕೆಲಸ ಹಾಗೇ ಎಸೆದೆ. ಆಮೇಲೆ ಹೊಳೆದದ್ದು, ಹೆರಿಮನ್ ಪುಟದಲ್ಲಿ ಬದಲಾಗುವ ಕ್ಷಣವೇ ಕಾಣುವುದಿಲ್ಲ ಅಲ್ವಾ? ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಆ ಕೆಲಸ ಆಗಿಹೋಗುತ್ತದೆ. ಸರಿ, ಆ ಖಾಲಿ ಜಾಗವನ್ನೇ ತರೋಣ ಅಂತ ಶಾಟ್‌ಗಳ ನಡುವೆ ಎರಡು ಮೂರು ಕಪ್ಪು ಫ್ರೇಮ್ ಹಾಕಿದೆ. ಪರದೆ ಕೆಟ್ಟಿದೆಯೇನೋ ಅನ್ನುವ ಹಾಗೆ ಮಿಟುಕಿತು. ಅದನ್ನೂ ತೆಗೆದೆ.

ಕೊನೆಗೆ ನಿಂತದ್ದು ನೇರ ಕಟ್. ಆದರೆ ಕಟ್ ಎಲ್ಲಿ ಅನ್ನುವುದೇ ಎಲ್ಲ. ಮೇಕೆಯ ನಾಲ್ಕೂ ಕಾಲು ಗಾಳಿಯಲ್ಲಿರುವ ಚಿತ್ರದಲ್ಲಿ ಕತ್ತರಿಸಬೇಕು. ಆಗ ನೋಡುವವರ ಕಣ್ಣು ಮೇಕೆ ಎಲ್ಲಿ ಇಳಿಯುತ್ತದೆ ಅನ್ನುವುದರ ಮೇಲಿರುತ್ತದೆ, ಹಿಂದೆ ಏನು ಬಂತು ಅಂತ ಕೇಳುವುದಿಲ್ಲ. ಕಾಲು ನೆಲಕ್ಕೆ ತಾಗಿದ ಮೇಲೆ ಕತ್ತರಿಸಿದರೆ ಅದೇ ಹಿನ್ನೆಲೆ ತಪ್ಪಾಗಿ ಕಾಣುತ್ತದೆ. ಎರಡು ಫ್ರೇಮ್ ಆಚೀಚೆ ಆದರೂ ಗೊತ್ತಾಗುತ್ತದೆ, ಮಾಡಿ ನೋಡಿ.

ಎರಡನೆಯದು ನೆಲದ ಗೆರೆ. ಮೊದಮೊದಲು ದಿಗಂತವನ್ನೂ ಮೇಲೆ ಕೆಳಗೆ ಮಾಡಿದ್ದೆ, ಮೇಕೆ ಕುಪ್ಪಳಿಸಿದ ಹಾಗೆ ಆಯಿತು. ಹೆರಿಮನ್ ಪುಟಗಳ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಪಾತ್ರಗಳು ನಿಲ್ಲುವ ಗೆರೆ ಸಾಲಿನುದ್ದಕ್ಕೂ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ಹೋಗುತ್ತದೆ. ನಾನು ಕೆಳಗಿನಿಂದ ಐದನೇ ಒಂದು ಭಾಗಕ್ಕೆ ಗೆರೆ ಹಾಕಿ ಇಡೀ ಚಿತ್ರಕ್ಕೆ ಬೀಗ ಹಾಕಿಬಿಟ್ಟೆ. ಓಡುವ ದಿಕ್ಕೂ ಅಷ್ಟೇ, ಎಡದಿಂದ ಬಲಕ್ಕೆ, ಕೊನೆಯ ತನಕ.

ಮೂರನೆಯದು, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬಾರದು. ಪ್ರತಿ ಕಟ್‌ನಲ್ಲಿ ಹಿಂದಿನದರ ಒಂದು ವಸ್ತು ಉಳಿಯಬೇಕು. ಯಾವುದು ಉಳಿಯಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಈಗ ನಡೆಯುತ್ತಿರುವ ಕೆಲಸ ಅದರ ಮೇಲೇ ನಿಂತಿದೆ. ಆಕಾಶದ ಬಣ್ಣಗಳ ಸರದಿಯ ವಿಷಯವೂ ಹಾಗೆಯೇ.

ಮೇಕೆ ಯಾಕೆ ಕಪ್ಪು ಅಂತ ಕೆಲವರು ಕೇಳಿದರು. ಕ್ರೇಜಿ ಕಪ್ಪು ಬೆಕ್ಕು. ಭಾನುವಾರದ ಪುಟಗಳಿಗೆ ಕಾಯಂ ಬಣ್ಣ ಬಂದದ್ದು 1935ರಲ್ಲಿ. ಅದಕ್ಕೂ ಮೊದಲಿನ ಕಪ್ಪು ಬಿಳುಪು ಪುಟಗಳಲ್ಲಿ ಹಿಂದೆ ಗೀರು ಗೀರಾಗಿ ಏನೆಲ್ಲ ಇದ್ದರೂ ಆ ಗಟ್ಟಿ ಕಪ್ಪು ಆಕಾರ ಕಣ್ಣನ್ನು ಹಿಡಿದಿಡುತ್ತದೆ. ನಾನು ಮೊದಲು ಕಂದು ಮೇಕೆ ಮಾಡಿದ್ದೆ. ಕೆಂಪು ನೆಲದ ಮುಂದೆ ಅದು ಮಸುಕಾಯಿತು. ಕಪ್ಪು ಮಾಡಿದ ದಿನವೇ ಅರ್ಧ ಸಮಸ್ಯೆ ಹೋಯಿತು.

ಆ ಗೀರುಗಳಿಂದಲೂ ಪೆಟ್ಟು ತಿಂದೆ. ಹೆರಿಮನ್ ಥರ ಸಣ್ಣ ಗೀರುಗಳ ನೆರಳು ಬರೆಸಿದ್ದೆ. ನನ್ನ ಪರದೆಯಲ್ಲಿ ಬಹಳ ಚೆಂದ. ತುಂಡುಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇ ತಡ, ಗೀರುಗಳು ಕುದಿಯತೊಡಗಿದವು, ಅಂದರೆ ಸುಮ್ಮನಿರದೆ ಮಿನುಗಿ ಅಲುಗತೊಡಗಿದವು. ವಾಟ್ಸಾಪ್‌ನಲ್ಲಿ ಕಳಿಸಿದರೆ ಇನ್ನೂ ಕಷ್ಟ, ಬರೀ ಬೂದು ಕಲೆ. ಈಗ ದಪ್ಪ ಗೀರು, ಕಡಿಮೆ ಗೀರು. ತುಂಡನ್ನು ಅದರ ಅಳತೆಯಲ್ಲೇ ಬಳಸಬೇಕು. ಚಿಕ್ಕದು ಬೇಕಾದರೆ ಹೊಸದಾಗಿ ಬರೆಸಬೇಕು, ಇನ್ನೊಂದು ನಾನೂರು ಹೋದರೂ ಪರವಾಗಿಲ್ಲ.

ನಡುವೆ ಒಂದು ವಾರ ಹಂಪಿಗೆ ಹೋಗಿ ಬಂಡೆಗಳ ಸ್ಕೆಚ್ ಮಾಡಿದ್ದೆ. ಮಾನ್ಯುಮೆಂಟ್ ವ್ಯಾಲಿ ಬದಲು ನಮ್ಮ ಬಂಡೆಗಳೇ ಇರಲಿ ಅನ್ನುವ ಆಸೆ. ಸ್ಕೆಚ್‌ಗಳು ಅದ್ಭುತ, ಈ ವಿಧಾನಕ್ಕೆ ಮಾತ್ರ ಆಗಲಿಲ್ಲ. ಆ ಅಮೆರಿಕದ ಬಂಡೆಗಳು ತಲೆ ಚಪ್ಪಟೆ, ಪಕ್ಕ ನೇರ, ಒಂದೊಂದೂ ಬಯಲಲ್ಲಿ ಒಂಟಿ. ಎತ್ತಿ ಅಲ್ಲಿ ಬೇರೇನೋ ಇಡಬಹುದು. ಹಂಪಿಯವು ದುಂಡಗೆ, ಒಂದರ ಮೇಲೊಂದು ಆತುಕೊಂಡಿರುತ್ತವೆ. ಒಂದನ್ನು ತೆಗೆದರೆ ಉಳಿದದ್ದು ಬೀಳುತ್ತದೆ ಅನ್ನಿಸುತ್ತದೆ, ನೋಡುವವರ ಗಮನ ಅಲ್ಲಿಗೇ ಹೋಗುತ್ತದೆ. ಆ ಸ್ಕೆಚ್‌ಗಳನ್ನು ಬೇರೆ ಚಿತ್ರಕ್ಕೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ಪ್ರಯೋಗ, ಮೇಕೆ ಒಮ್ಮೆ ನಿಂತು ಬದಲಾದ ಹಿನ್ನೆಲೆಯನ್ನು ತಿರುಗಿ ನೋಡುವ ಹಾಗೆ ಮಾಡಿದ್ದು. ಚಕ್ ಜೋನ್ಸ್ ಅವರದೇ 1953ರ 'ಡಕ್ ಅಮಕ್'ನಲ್ಲಿ ಹಿನ್ನೆಲೆ ಬದಲಾದಾಗಲೆಲ್ಲ ಬಾತುಕೋಳಿ ಗಾಬರಿಯಾಗಿ ಜಗಳಕ್ಕೇ ನಿಲ್ಲುತ್ತದೆ. ಆ ಚಿತ್ರದ ಮಜಾ ಇರುವುದೇ ಅದರಲ್ಲಿ. ನನ್ನದರಲ್ಲಿ ಮೇಕೆ ನೋಡಿದ ಕೂಡಲೇ ನೋಡುವವರೂ ನೋಡಿದರು, ಓಟ ಸತ್ತುಹೋಯಿತು. ಹೆರಿಮನ್ ಲೋಕದಲ್ಲಿ ಗುಡ್ಡ ಮರವಾದರೆ ಯಾರಿಗೂ ಆಶ್ಚರ್ಯ ಇಲ್ಲ. ಆ ಶಾಟ್ ತೆಗೆದು, ಅಜ್ಜಿ ಮತ್ತು ಮೇಕೆ ಹಿನ್ನೆಲೆಯ ಕಡೆ ಕಣ್ಣೆತ್ತಲೇಬಾರದು ಅಂತ ಅನಿಮೇಟರ್ ಹುಡುಗನಿಗೆ ಹೇಳಿದೆ. "ಸರ್, ಕಣ್ಣುಗುಡ್ಡೆ ಕೂಡ ತಿರುಗಿಸ್ಬಾರ್ದಾ?" ಅಂದ. ತಿರುಗಿಸಬಾರದು.

ತೋರಿಸಿದ ಕಡೆಯಲ್ಲೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದೆ: ಅಜ್ಜಿ ಬಿದ್ದಾಗ ಹಿಂದೆ ಏನಿತ್ತು? ಒಬ್ಬರು ಬಾವಿ ಅಂದರು, ಒಬ್ಬರು ಬೆಟ್ಟ, ಇನ್ನೊಬ್ಬರು ಅಜ್ಜಿಯ ಮನೆ. ಮೂರೂ ಅಲ್ಲ. ಆದರೆ ಚಪ್ಪಲಿ ಎಲ್ಲಿ ಬಿತ್ತು, ಪೊರಕೆ ಯಾರ ಕೈಗೆ ಹೋಯಿತು, ಎಲ್ಲರೂ ಸರಿಯಾಗಿ ಹೇಳಿದರು. ಕಂಟಿನ್ಯುಟಿ ಹೋಗುತ್ತದೆ ಅಂದಿದ್ದ ಹಿರಿಯರೂ ಒಂದು ಕಡೆ ಬಂದಿದ್ದರು. ಎರಡನೇ ಸಲ ಹಾಕಿಸಿಕೊಂಡು ನೋಡಿದರು. "ಕಟ್ ಪಾಯಿಂಟ್ ಫೈಲ್ ಕಳಿಸು" ಅಂದರು. ಫೈಲ್ ಕಳಿಸಿದೆ, ಕ್ರಮ ಹೇಳಲಿಲ್ಲ.

ಈಗ ಮಕ್ಕಳ ಆರೋಗ್ಯದ ಬಗ್ಗೆ ಸಣ್ಣ ಸಣ್ಣ ಚಿತ್ರಗಳ ಸರಣಿಗೆ ಇದೇ ವಿಧಾನ ಕೇಳಿದ್ದಾರೆ. ಮುಂಗಡ ಬಂದಿದೆ, ಮೇಕೆ ಚಿತ್ರಕ್ಕೆ ಹಾಕಿದ ದುಡ್ಡು ಬಹುಪಾಲು ವಾಪಸ್ ಆಗಿದೆ. ಹಳೆಯ ತುಂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ಕೆಲಸಕ್ಕೆ ಬರುತ್ತವೆ, ಹಾಗಾಗಿ ಈ ಸಲ ಲಾಭ ಚೆನ್ನಾಗಿಯೇ ಇರುತ್ತದೆ. ಕಷ್ಟ ಒಂದೇ, ಅವರಿಗೆ ಮೊಬೈಲ್‌ನ ಉದ್ದ ಚೌಕಟ್ಟು ಬೇಕು. ಅದರಲ್ಲಿ ನೆಲದ ಗೆರೆ ಐದನೇ ಒಂದು ಭಾಗದಲ್ಲಿಟ್ಟರೆ ಮೇಲೆ ಬರೀ ಆಕಾಶ ಉಳಿಯುತ್ತದೆ. ಗೆರೆಯನ್ನು ಮೂರನೇ ಒಂದು ಭಾಗಕ್ಕೆ ಏರಿಸಿ, ಮೇಲೆ ಚಂದ್ರನನ್ನು ದೊಡ್ಡದು ಮಾಡಿ ನೋಡುತ್ತಿದ್ದೇನೆ. ಮೂರು ನಾಲ್ಕು ಸೆಕೆಂಡಿನ ಶಾಟ್‌ಗಳು ಸರಿಯಾಗಿ ಕೂತಿವೆ. ಅದಕ್ಕಿಂತ ಉದ್ದದವು ಇನ್ನೂ ಕೈಗೆ ಸಿಕ್ಕಿಲ್ಲ.