ಪಿಯುಸಿ ಮುಗಿಸಿ ಹೈಸ್ಕೂಲ್ ವಿಜ್ಞಾನ ಶಿಕ್ಷಕರಾಗಲು ನಾಲ್ಕು ವರ್ಷದ ಬಿ.ಎಸ್ಸಿ ಬಿ.ಇಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಪಿಯುಸಿ ಸೈನ್ಸ್ ಮುಗಿಸಿ "ಹೈಸ್ಕೂಲ್ ಮಾಸ್ತರ ಆಗತೇನಿ" ಅಂದವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಮೊದಲು ಡಿಗ್ರಿ ಮುಗಿಸು, ಬಿ.ಇಡಿ ಆಮೇಲೆ ನೋಡಿದರಾಯಿತು. ಆ ದಾರಿಗೆ ಡಿಗ್ರಿ 3 ವರ್ಷ, ಬಿ.ಇಡಿ 2 ವರ್ಷ, ಒಟ್ಟು 5. ಎರಡನ್ನೂ ಒಟ್ಟಿಗೆ ಹೆಣೆದ ಬಿ.ಎಸ್ಸಿ ಬಿ.ಇಡಿಗೆ 4 ವರ್ಷ, 8 ಸೆಮಿಸ್ಟರ್. ಒಂದು ವರ್ಷ ಉಳಿಯುವುದೇನೋ ನಿಜ. ಆದರೆ ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇನ್ನೊಂದಿದೆ: ಕೊನೆಗೆ ನಿಮ್ಮ ಅಂಕಪಟ್ಟಿಯಲ್ಲಿ ಯಾವ ಮೂರು ವಿಷಯ ಇರಬೇಕು?

ಪಿಸಿಎಂ ಅಥವಾ ಸಿಬಿಝಡ್

ನಮ್ಮ ರಾಜ್ಯದ ಹೈಸ್ಕೂಲುಗಳಲ್ಲಿ "ವಿಜ್ಞಾನ ಶಿಕ್ಷಕ" ಎಂಬ ಹುದ್ದೆ ಎರಡು ಕವಲಾಗಿದೆ. ಭೌತ, ರಸಾಯನ, ಗಣಿತ ಓದಿದವರು ಪಿಸಿಎಂ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿದವರು ಸಿಬಿಝಡ್. ಶಾಲೆಯ ವೇಳಾಪಟ್ಟಿಯಲ್ಲಿ ಪಿಸಿಎಂನವರಿಗೆ ಹೆಚ್ಚಾಗಿ ಗಣಿತ ಬರುತ್ತದೆ, ಸಿಬಿಝಡ್‌ನವರಿಗೆ ಇಡೀ ವಿಜ್ಞಾನ. ಭೌತಶಾಸ್ತ್ರದ ಮೇಲಿನ ಪ್ರೀತಿಗೆ ಪಿಸಿಎಂ ಹಿಡಿದವರು ಮುಂದೆ ದಿನವಿಡೀ ವರ್ಗಸಮೀಕರಣ ಹೇಳಿಕೊಡುತ್ತಿರಬಹುದು. ಪಿಯುಸಿ ಆದಮೇಲೆ ಭೌತಶಾಸ್ತ್ರದ ಪುಸ್ತಕವನ್ನೇ ತೆರೆಯದ ಸಿಬಿಝಡ್‌ನವರು ಹತ್ತನೆಯ ತರಗತಿಗೆ ಬೆಳಕು, ವಿದ್ಯುತ್ ಪಾಠ ಮಾಡಬೇಕಾಗುತ್ತದೆ. ಈ ವಿಚಿತ್ರವನ್ನು ಪ್ರವೇಶಕ್ಕೆ ಮೊದಲೇ ತಿಳಿದಿರುವುದು ಒಳ್ಳೆಯದು.

ಕೇಂದ್ರೀಯ ವಿದ್ಯಾಲಯಗಳಲ್ಲೂ ಗೆರೆ ಹೀಗೇ ಇದೆ. ಅಲ್ಲಿಯ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ವಿಜ್ಞಾನ ಹುದ್ದೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಬೇಕು. ಪಿಸಿಎಂನವರು ಟಿಜಿಟಿ ಗಣಿತಕ್ಕೆ ಹೋಗಬೇಕು. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದರೆ ಎರಡೂ ಬಾಗಿಲು ತೆರೆದಿರುತ್ತವೆ. ಗಣಿತ ಬಿಟ್ಟವರಿಗೆ ಪಿಸಿಎಂ ಇಲ್ಲ, ಜೀವಶಾಸ್ತ್ರ ಬಿಟ್ಟವರಿಗೆ ಸಿಬಿಝಡ್ ಇಲ್ಲ. ಕಾಲೇಜಿನಲ್ಲಿ ಸೀಟು ಸಿಗುತ್ತದೆಂದು ಬೇರೆ ಯಾವುದೋ ಮೂರು ವಿಷಯಗಳ ಗುಂಪು ಹಿಡಿಯುವ ಮುನ್ನ ಹಿಂದಿನ ನೇಮಕಾತಿ ಅಧಿಸೂಚನೆಯೊಂದನ್ನು ತೆಗೆದು ವಿದ್ಯಾರ್ಹತೆಯ ಕಲಂ ಓದಿ. ಅರ್ಜಿ ಪರಿಶೀಲಿಸುವವರು ನಿಮ್ಮ ಅಂಕಪಟ್ಟಿಯನ್ನು ಆ ಕಲಮಿಗೆ ಹೊಂದಿಸಿ ನೋಡುತ್ತಾರೆ.

ಪ್ರವೇಶ ಪರೀಕ್ಷೆ

ಈಗಿನ ನಾಲ್ಕು ವರ್ಷದ ಕೋರ್ಸಿನ ಹೆಸರು ಐಟಿಇಪಿ (ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ). ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 50 ಅಂಕ ಬೇಕು. ಪ್ರವೇಶ ಎನ್‌ಸಿಇಟಿ (ರಾಷ್ಟ್ರೀಯ ಸಾಮಾನ್ಯ ಪ್ರವೇಶ) ಪರೀಕ್ಷೆಯ ಮೂಲಕ. ಇದನ್ನು ನೀಟ್ ನಡೆಸುವ ಎನ್‌ಟಿಎ ನಡೆಸುತ್ತದೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ. ಉತ್ತರಿಸಬೇಕಾದದ್ದು 160 ಪ್ರಶ್ನೆ, ಸಮಯ 3 ಗಂಟೆ. ಅಂದರೆ ಪ್ರಶ್ನೆಗೆ ಸರಾಸರಿ 67.5 ಸೆಕೆಂಡು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಕಡಿತ. ಎರಡು ಭಾಷೆಗೆ 20ರಂತೆ 40, ಆರಿಸಿಕೊಂಡ ಮೂರು ವಿಷಯಕ್ಕೆ 25ರಂತೆ 75, ಸಾಮಾನ್ಯ ಜ್ಞಾನ ಮತ್ತು ತರ್ಕಕ್ಕೆ 25, ಬೋಧನಾ ಅಭಿರುಚಿಗೆ 20.

ಈ ಲೆಕ್ಕವನ್ನು ಗಮನವಿಟ್ಟು ನೋಡಿ. ವಿಜ್ಞಾನದ ಮೂರು ವಿಷಯಗಳದ್ದು ಅರ್ಧಕ್ಕಿಂತ ಕಡಿಮೆ. ನೀಟಿಗೆ ಓದಿದ್ದೇ ಸಾಕು ಎಂದುಕೊಂಡವರು ಭಾಷೆ ಮತ್ತು ಬೋಧನಾ ಅಭಿರುಚಿಯಲ್ಲಿ ಸೋಲುತ್ತಾರೆ. ಕೊನೆಯ ಆರು ವಾರದಲ್ಲಿ ದಿನಕ್ಕೊಂದು ಗಂಟೆಯಾದರೂ ಇವಕ್ಕೆ ಇಡಿ. ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿದೆ. ಕನ್ನಡದ ಜೊತೆ ಮರಾಠಿ, ಉರ್ದು ಕೂಡ ಇರುವುದರಿಂದ ಗಡಿಭಾಗದವರಿಗೆ ಅನುಕೂಲ. ಅರ್ಜಿ ತುಂಬುವಾಗ ಆರಿಸುವ ಮೂರು ವಿಷಯಗಳು ನೀವು ಸೇರಲಿರುವ ಗುಂಪಿಗೆ ಹೊಂದಬೇಕು. ಸಿಬಿಝಡ್ ಬಯಸುವವರು ಜೀವಶಾಸ್ತ್ರ ಆರಿಸಲು ಮರೆತರೆ ಅಂಕ ಎಷ್ಟೇ ಬಂದರೂ ಕೌನ್ಸೆಲಿಂಗಿನಲ್ಲಿ ಪ್ರಯೋಜನವಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ) ಈ ಬಗೆಯ ಓದಿಗೆ ಹಳೆಯ ಹೆಸರು. 1963ರಲ್ಲಿ ಶುರುವಾದ, ಎನ್‌ಸಿಇಆರ್‌ಟಿಗೆ ಸೇರಿದ ಸಂಸ್ಥೆ ಅದು. ಆವರಣದಲ್ಲೇ ಹಾಸ್ಟೆಲೂ ಪ್ರಾಯೋಗಿಕ ಶಾಲೆಯೂ ಇವೆ. ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ಹೋಗುತ್ತದೆ. ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಎಡವುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನಲ್ಲೇ, ಅದೂ ವಿಷಯ ತಿಳಿಯದೆ ಅಲ್ಲ, ಬರೆಯಲು ಬಾರದೆ. ಪಿಯುಸಿ ಫಲಿತಾಂಶ ಬಂದ ದಿನದಿಂದ ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಪ್ರಯೋಗದ ವಿವರಣೆ ಬರೆದರೆ ಅರ್ಧ ಹೊರೆ ಇಳಿದಂತೆ.

ಖಾಸಗಿ ಕಾಲೇಜಿಗೆ ಸೇರುವುದಾದರೆ ಹಣ ಕಟ್ಟುವ ಮುನ್ನ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಮಾನ್ಯತೆಯ ಆದೇಶ ಕೇಳಿ. ಅದರಲ್ಲಿ ಮೂರು ಕಡೆ ಕಣ್ಣಾಡಿಸಬೇಕು: ಕೋರ್ಸಿನ ಹೆಸರು, ಅನುಮತಿಸಿದ ಸೀಟು, ಕಾಲೇಜಿನ ವಿಳಾಸ. ಎರಡು ವರ್ಷದ ಬಿ.ಇಡಿಗೆ ಪಡೆದ ಮಾನ್ಯತೆಯನ್ನು ತೋರಿಸಿ ನಾಲ್ಕು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಒಂದೊಂದು ಕೋರ್ಸಿಗೂ ಪ್ರತ್ಯೇಕ ಮಾನ್ಯತೆ ಬೇಕು.

ಸೀಟು ಸಿಗದಿದ್ದರೆ ಊರಿನ ಹತ್ತಿರವೇ ಬಿ.ಎಸ್ಸಿ ಮಾಡಿ ಆಮೇಲೆ ಬಿ.ಇಡಿ ಮಾಡುವುದರಲ್ಲಿ ಕೊರತೆಯೇನಿಲ್ಲ. ಸರ್ಕಾರಿ ಕೋಟಾದ ಬಿ.ಇಡಿ ಸೀಟು ಡಿಗ್ರಿ ಅಂಕದ ಮೇಲೆ ಹಂಚಿಕೆಯಾಗುತ್ತದೆ. ಹಾಗಾಗಿ ಆ ದಾರಿಯಲ್ಲಿ ಮೊದಲ ವರ್ಷದಿಂದಲೇ ಅಂಕ ಕಾಯ್ದುಕೊಳ್ಳಬೇಕು.

ಓದು ಮತ್ತು ಶಾಲೆಯ ತರಬೇತಿ

ಮೊದಲೆರಡು ವರ್ಷ ವಿಷಯಜ್ಞಾನದ ಭಾರ ಹೆಚ್ಚು. ಜೊತೆಗೆ ಬರುವ ಶಿಕ್ಷಣ ಮನೋವಿಜ್ಞಾನ, ಶಿಕ್ಷಣ ಸಮಾಜಶಾಸ್ತ್ರದಂಥ ಪತ್ರಿಕೆಗಳನ್ನು ವಿದ್ಯಾರ್ಥಿಗಳು "ಪರೀಕ್ಷೆ ಹಿಂದಿನ ರಾತ್ರಿ ಓದಿದರಾತು" ಎಂದು ಪಕ್ಕಕ್ಕಿಡುತ್ತಾರೆ. ಇವೇ ಮುಂದೆ ಟಿಇಟಿಯಲ್ಲಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತಿರುಗಿ ಬರುತ್ತವೆ: 150 ಅಂಕದ ಎರಡನೆಯ ಪತ್ರಿಕೆಯಲ್ಲಿ 30 ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ, 60 ಗಣಿತ-ವಿಜ್ಞಾನಕ್ಕೆ, ಉಳಿದ 60 ಎರಡು ಭಾಷೆಗೆ. ಟಿಇಟಿಯ ಈ ಪತ್ರಿಕೆ 6ರಿಂದ 8ನೆಯ ತರಗತಿಯ ಹುದ್ದೆಗೆ. ಹೈಸ್ಕೂಲೇ ಗುರಿ ಎನ್ನುವವರೂ ಬರೆದಿಟ್ಟುಕೊಂಡರೆ ಇನ್ನೊಂದು ಅವಕಾಶ ಕೈಯಲ್ಲಿರುತ್ತದೆ. ಸಿಬಿಝಡ್‌ನವರು ವಾರಕ್ಕೆ ಎರಡು ಗಂಟೆ 8ರಿಂದ 10ರ ಭೌತಶಾಸ್ತ್ರದ ಲೆಕ್ಕಗಳಿಗೆ ಮೀಸಲಿಡುವುದು ಒಳ್ಳೆಯದು.

ಶಾಲೆಗೆ ಹೋಗುವ ಮೊದಲು ಸೂಕ್ಷ್ಮಬೋಧನೆ, ಅಂದರೆ ಸಹಪಾಠಿಗಳ ಮುಂದೆ ಪುಟ್ಟ ಪಾಠದ ಅಭ್ಯಾಸ, ಇರುತ್ತದೆ. ಒಂದು ಸುತ್ತು 36 ನಿಮಿಷ: ಪಾಠ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಪಾಠ 6, ಮತ್ತೆ ಹಿಮ್ಮಾಹಿತಿ 6. ಒಂದು ಸುತ್ತಿಗೆ ಒಂದೇ ಕೌಶಲ, ಪ್ರಶ್ನೆ ಕೇಳುವುದೋ ಹಲಗೆ ಬಳಸುವುದೋ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಮರುಯೋಜನೆಯ 12 ನಿಮಿಷವನ್ನು ಹರಟೆಗೆ ಕೊಟ್ಟು ಅದೇ ಪಾಠ ಮತ್ತೆ ಒಪ್ಪಿಸುವುದು.

ಶಾಲೆಯಲ್ಲಿ 40 ನಿಮಿಷದ ಅವಧಿ ಪ್ರಯೋಗದಿಂದಲೇ ಕೆಡುತ್ತದೆ, ಪ್ರಯೋಗದಿಂದಲೇ ಗೆಲ್ಲುತ್ತದೆ. ಓಮ್‌ನ ನಿಯಮಕ್ಕೆ ಟಾರ್ಚ್ ಬಲ್ಬ್ ಹಿಡಿದು ಹೋದರೆ ನಕ್ಷೆ ನೇರಗೆರೆ ಬರದು. ತಂತು ಕಾದಂತೆ ಅದರ ರೋಧ ಏರುತ್ತದೆ. ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್ ಒಯ್ಯಿರಿ, ಒಂದೊಂದೇ ಸೆಲ್ ಸೇರಿಸುತ್ತ ಅಳೆಯಿರಿ. ಅಳತೆ ಆದಕೂಡಲೇ ಕೀಲಿ ತೆಗೆಯಿರಿ, ಇಲ್ಲವಾದರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ದ್ಯುತಿಸಂಶ್ಲೇಷಣೆಗೆ ಬೆಳಕು ಬೇಕೆಂದು ಬುಧವಾರ ಮಧ್ಯಾಹ್ನ ತೋರಿಸಬೇಕಿದ್ದರೆ ಕುಂಡದ ಗಿಡ ಭಾನುವಾರ ಬೆಳಗ್ಗೆಯೇ ಕತ್ತಲ ಕೋಣೆ ಸೇರಬೇಕು. ಮೂರು ದಿನ ಕಳೆದು ಎಲೆಗೆ ಕಪ್ಪು ಕಾಗದದ ಪಟ್ಟಿ ಕಟ್ಟಿ ಬಿಸಿಲಿಗೆ ಇಡುವುದು. ಮಂಗಳವಾರ ನೆನಪಾದವರ ಎಲೆಯಲ್ಲಿ ಹಳೆಯ ಪಿಷ್ಟ ಉಳಿದಿರುತ್ತದೆ, ಅಯೋಡಿನ್ ಹಾಕಿದಾಗ ಮುಚ್ಚಿದ ಭಾಗವೂ ನೀಲಿಯಾಗುತ್ತದೆ. ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸುವಾಗ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕುದಿಸಿ. ನೇರ ಉರಿಗೆ ಹಿಡಿದರೆ ಬೆಂಕಿ ಹತ್ತುತ್ತದೆ. ಅಯೋಡಿನ್ ಮಾತ್ರ ತೋರಿಸುವುದಿದ್ದರೆ ಮಕ್ಕಳ ಡಬ್ಬಿಯ ಜೋಳದ ರೊಟ್ಟಿಯ ಚೂರೇ ಸಾಕು.

ಪೀಠಿಕೆಗೆ ನಮ್ಮ ಕಡೆಯ ಉದಾಹರಣೆ ಒಳ್ಳೆಯದೇ, ಸರಿಯಾಗಿದ್ದರೆ. ಧ್ವನಿಯ ಪಾಠಕ್ಕೆ ಎಲ್ಲರೂ ಗೋಲಗುಂಬಜ್ ತರುತ್ತಾರೆ, ಆದರೆ ಪ್ರತಿಧ್ವನಿಯನ್ನೂ ಪಿಸುಮಾತನ್ನೂ ಒಂದೇ ಮಾಡಿಬಿಡುತ್ತಾರೆ. ಗ್ಯಾಲರಿಯಲ್ಲಿ ಪಿಸುಮಾತು ದುಂಡನೆಯ ಗೋಡೆಯ ಗುಂಟ ಸಾಗಿ ಎದುರಿನವರ ಕಿವಿ ತಲುಪುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಲು ಶಬ್ದ 0.1 ಸೆಕೆಂಡಾದರೂ ತಡವಾಗಿ ಮರಳಬೇಕು, ಅದಕ್ಕೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು.

ಹಾಜರಿಯ ಲೆಕ್ಕ ಕಟ್ಟುನಿಟ್ಟು. ಎನ್‌ಸಿಟಿಇಯ 2014ರ ನಿಯಮದಂತೆ ತರಗತಿಗೆ ಶೇ 80, ಶಾಲಾ ತರಬೇತಿಗೆ ಶೇ 90. ಕಾರಹುಣ್ಣಿಮೆ, ಊರ ಜಾತ್ರೆಗೆಂದು ರಜೆ ಹಾಕುವವರು ಅದನ್ನು ತರಬೇತಿಯ ವಾರಗಳಲ್ಲಿ ಇಟ್ಟುಕೊಳ್ಳಬೇಡಿ.

ಈಗಲೇ ಮಾಡಿಸಿಡಬೇಕಾದ ಕಾಗದ

1ರಿಂದ 10ನೆಯ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರ ಮೀಸಲಾತಿ ಇದೆ. ಎರಡಕ್ಕೂ ಮುಖ್ಯಶಿಕ್ಷಕರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಪ್ರಾಥಮಿಕ ಒಂದು ಊರು, ಹೈಸ್ಕೂಲ್ ಇನ್ನೊಂದು ಊರಾದರೆ ಓಡಾಟ ಎರಡು ಪಟ್ಟು. ಅಧಿಸೂಚನೆ ಬಂದಮೇಲೆ ಹೊರಟರೆ ಕಚೇರಿಯ ಮುಂದೆ ಸಾಲು ಇರುತ್ತದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರ, ಇನಿಶಿಯಲ್ ಒಂದೇ ಇದೆಯೇ ನೋಡಿ, ಬೇರೆಯಿದ್ದರೆ ಎನ್‌ಸಿಇಟಿ ಅರ್ಜಿಗೆ ಮೊದಲೇ ಆಧಾರ್ ತಿದ್ದಿಸಿ. ಇಂಡಿ, ಸಿಂದಗಿ ಕಡೆಯವರಿಗೆ ಇನ್ನೊಂದು ಮಾತು: ಪಕ್ಕದ ಕಲಬುರಗಿಯವರಿಗೆ ಸಿಗುವ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆಂದೇ ಇರುವ 371(ಜೆ) ವಿಧಿಯ ಮೀಸಲಾತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ. ಅರ್ಜಿಯಲ್ಲಿ ಆ ಕಲಮಿಗೆ "ಇಲ್ಲ" ಎಂದೇ ತುಂಬಿ.